ಸೋಮವಾರದ ಗಂಜಿ

ನನ್ನ ರೊಟ್ಟಿಗೆ ಹೆಸರಿಡುವವರು ಕುಕನೂರಿನಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಜಂಬ ಅಂತ ಯಾರಾದರೂ ಅಂದರೆ ಅನ್ನಲಿ, ಜಂಬವೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಬೆಳಿಗ್ಗೆ ಒಲೆ ಹೊತ್ತಿಸಿದರೆ ಮಧ್ಯಾಹ್ನ ಮೂರರವರೆಗೆ ಹಂಚು ಆರುವುದಿಲ್ಲ. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹಿಟ್ಟಿಗೆ ಇನ್ನೊಂದು ಹಿಟ್ಟು ಬೆರೆಸುವ ಕಸಬು ನನ್ನ ಕೈಗೆ ಗೊತ್ತಿಲ್ಲ.

ರೊಟ್ಟಿಯ ಜೊತೆಗೆ ಇನ್ನೂ ಎರಡು ಜಂಬಗಳಿದ್ದವು ನನಗೆ. ಒಂದು, ಸೋಮವಾರದ ಉಪವಾಸ. ಅದಕ್ಕೊಂದು ಕಾರಣವಿದೆ. ನನ್ನ ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ, ಯಲಬುರ್ಗಾ ರಸ್ತೆಯ ತಮ್ಮ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಕೆಳಗೆ ಮಲಗಿ ಬೋಲ್ಟ್ ಬಿಚ್ಚುತ್ತಿದ್ದರು, ಜಾಕ್ ಜಾರಿತು. ಎರಡೂ ಮೊಣಕಾಲು ಜಜ್ಜಿಹೋದವು. ಜೀವಕ್ಕೇನೂ ಭಯವಿಲ್ಲ, ನಡೆಯುವುದು ಮಾತ್ರ ದೇವರಿಗೆ ಬಿಟ್ಟದ್ದು ಅಂದರು ದವಾಖಾನೆಯಲ್ಲಿ. ದೇವರಿಗೆ ಬಿಟ್ಟದ್ದಾದರೆ ದೇವರ ಹತ್ತಿರವೇ ಮಾತಾಡುತ್ತೇನೆ ಅಂತ ನಾನು ಶಿವನ ಮುಂದೆ ನಿಂತು ಹರಕೆ ಹೊತ್ತೆ: ಇವರು ಎದ್ದು ನಡೆದರೆ, ಬದುಕಿರುವತನಕ ಸೋಮವಾರ ಸಂಜೆ ದೀಪ ಹಚ್ಚುವವರೆಗೆ ಅನ್ನ ಮುಟ್ಟುವುದಿಲ್ಲ. ಅವರು ನಡೆದರು. ಕುಂಟುತ್ತ ನಡೆದರು, ಆದರೆ ನಡೆದರು. ಅಂದಿನಿಂದ ನಾನು ಒಂದು ಸೋಮವಾರವನ್ನೂ ತಪ್ಪಿಸಿದವಳಾಗಿರಲಿಲ್ಲ. ಬಾಯಿಗೆ ಹೋಗುತ್ತಿದ್ದುದು ಬೆಲ್ಲದ ಚೂರು ಮತ್ತು ನೀರು, ಅಷ್ಟೇ. ಸೋಮವಾರ ಖಾನಾವಳಿಯೂ ತೆರೆದಿರುತ್ತದೆ. ಊರಿಗೆಲ್ಲ ಬಡಿಸಿ, ಪಲ್ಯದ ಘಮ ಮೂಗಿಗೆ ಬಡಿಯುತ್ತಿದ್ದರೂ ನಾಲಿಗೆಗೆ ತಾಗಿಸದೆ, ಉಪ್ಪು ಖಾರ ಕೈ ಅಳತೆಯಲ್ಲೇ ಹಾಕಿ, ತಪ್ಪದೆ ಹಾಕಿ, ಸಂಜೆವರೆಗೆ ನಿಂತೇ ಇರುವುದು ಎಲ್ಲರ ಕೈಲಾಗುವ ಮಾತಲ್ಲ.

ಇನ್ನೊಂದು ಜಂಬ, ನಾಯಿ. ಜಾತಿ ನಾಯಿಯೇನಲ್ಲ. ತಳಕಲ್ಲು ನನ್ನ ತವರು. ಹದಿನಾಲ್ಕು ವರ್ಷದ ಹಿಂದೆ ಅಲ್ಲಿಗೆ ಹೋದಾಗ ಅಣ್ಣನ ಬಣವೆಯ ಪಕ್ಕ ತಾಯಿ ಸತ್ತ ಒಂದು ಮರಿ ಕುಂಯ್ ಅನ್ನುತ್ತಿತ್ತು. ರೊಟ್ಟಿ ಬುಟ್ಟಿಯಲ್ಲಿ ಇಟ್ಟು ಮೇಲೊಂದು ಬಟ್ಟೆ ಮುಚ್ಚಿ ಬಸ್ಸಿನಲ್ಲಿ ತಂದೆ. ಕಂಡಕ್ಟರ್ ಬುಟ್ಟಿ ನೋಡಿ, "ರೊಟ್ಟಿ ಅಳ್ತಾವಲ್ಲಬೇ" ಅಂದ. ತಂದದ್ದೇನೋ ತಂದೆ, ಮರಿ ಏನನ್ನೂ ತಿನ್ನಲೊಲ್ಲದು. ಹಾಲಿಟ್ಟರೂ ಮುಖ ತಿರುಗಿಸಿತು, ಹಾಲಲ್ಲಿ ನೆನೆಸಿದ ರೊಟ್ಟಿಯನ್ನೂ ಮೂಸಲಿಲ್ಲ. ಮಗಳಿಗೆ ಉಣಿಸುವಾಗ ಮಾಡುತ್ತಿದ್ದ ಉಪಾಯವನ್ನೇ ಮಾಡಿದೆ. ಒಂದು ತುತ್ತು ನಾನು ಬಾಯಿಗೆ ಹಾಕಿಕೊಂಡು, ಅಗಿದು ತೋರಿಸಿ, "ನೋಡು, ನಾ ತಿಂದೆ. ಈಗ ನೀ" ಅಂದೆ. ತಿಂದಿತು. ಅವತ್ತಿನಿಂದ ಅದೇ ರೂಢಿಯಾಯಿತು. ದಿನಾ ಬೆಳಿಗ್ಗೆ ಹಂಚಿನ ಮೊದಲ ರೊಟ್ಟಿ ಹರಿದು ಅರ್ಧ ನನಗೆ, ಅರ್ಧ ಅವನಿಗೆ. ಸೋಮವಾರ ಮಾತ್ರ ಪೂರ್ತಿ ರೊಟ್ಟಿ ಅವನ ಮುಂದೆ ಇಟ್ಟು ಹೋಗುತ್ತಿದ್ದೆ, ಯಾವಾಗ ತಿಂದ ಅಂತ ನೋಡಿದವಳಲ್ಲ. ಗಿರಾಕಿಗಳ ತಟ್ಟೆಯ ಕಡೆ ಅವನು ಕಣ್ಣೆತ್ತಿ ನೋಡುವವನಲ್ಲ. ಬಾಗಿಲ ಬಳಿ ಬೆನ್ನು ತೋರಿಸಿ ಮಲಗುತ್ತಾನೆ. ಹೆಸರಿಟ್ಟಿಲ್ಲ. ಗಿರಾಕಿಗಳು ಮೊದಲು ಸಣ್ಣಾವ ಅನ್ನುತ್ತಿದ್ದರು, ಈಗ ಮುದುಕ ಅನ್ನುತ್ತಾರೆ.

ಅವನು ನಾಲ್ಕು ವರ್ಷದವನಿದ್ದಾಗ ಒಂದು ಶ್ರಾವಣ ಸೋಮವಾರ ಅವನ ಮುಂದೆ ಬಿಸಿ ರೊಟ್ಟಿ ಇಟ್ಟು ಒಳಗೆ ಹೋದೆ. ತಾಸು ಬಿಟ್ಟು ಬಂದು ನೋಡಿದರೆ ರೊಟ್ಟಿ ಇಟ್ಟಲ್ಲೇ ಇದೆ. ಅವನು ಪಕ್ಕದಲ್ಲಿ ಮಲಗಿದ್ದಾನೆ, ಮೂಸಿಯೂ ಇಲ್ಲ. ಸಂಜೆ ನಾನು ದೀಪ ಹಚ್ಚಿ, ಉಣ್ಣಲು ಕೂತಾಗ ಎದ್ದು ಬಂದು ಗಪಗಪ ತಿಂದ. ಮುಂದಿನ ಸೋಮವಾರವೂ ಹಾಗೇ. ನನ್ನ ಮೈ ಜುಮ್ಮೆಂದಿತು. ಓಣಿಗೆಲ್ಲ ಸಾರಿದೆ: ನಮ್ಮ ನಾಯಿ ಸೋಮವಾರ ಒಪ್ಪತ್ತು ಮಾಡ್ತೈತಿ!

ದಿನಾ ನಮ್ಮಲ್ಲಿ ಉಣ್ಣುವ ಒಬ್ಬ ಸಾಲಿ ಮಾಸ್ತರರಿದ್ದಾರೆ, ಕುಷ್ಟಗಿ ಕಡೆಯವರು, ಒಂಟಿ ಜೀವ, ಬಾಯಿ ಮಾತ್ರ ನಾಲ್ಕು ಮಂದಿಯದು. ಅವರು ನಕ್ಕರು.

"ಹೋದ ಜನ್ಮದಾಗ ಮಠದ ಅಯ್ಯಾ ಇದ್ದಿರಬೇಕು ಬಿಡ್ರಿ. ಏಕಾದಶಿನೂ ಹಿಡಿಸ್ರಿ ಅವಂಗ."

"ನಗಬ್ಯಾಡ್ರಿ ಮಾಸ್ತರ. ನಿಮಗಿಲ್ಲದ ಭಕ್ತಿ ನಮ್ಮ ನಾಯಿಗೈತಿ" ಅಂದೆ. ಅವರು ಆ ದಿನ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡು ಉಂಡರು.

ಅಂದಿನಿಂದ ಸೋಮವಾರ ಅವನ ಮುಂದೆ ತಟ್ಟೆ ಇಡುವುದನ್ನೇ ಬಿಟ್ಟೆ. ಒಂಬತ್ತು ವರ್ಷ ಹಾಗೇ ನಡೆಯಿತು. ಹೊಸ ಗಿರಾಕಿ ಬಂದರೆ ಪಲ್ಯಕ್ಕಿಂತ ಮೊದಲು ನಾಯಿಯ ಉಪವಾಸದ ಕಥೆ ಬಡಿಸುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನ್ನದು ನಾಯಿ, ಅಷ್ಟೇ ಫರಕು.

ಹೋದ ಬೇಸಿಗೆಯ ಮುಂಚೆ ಅವನ ಹಿಂಗಾಲು ಹಿಡಿದುಕೊಂಡವು. ಏಳುವಾಗ ಮುಂಗಾಲಿನ ಮೇಲೆ ಮೈ ಎಳೆದುಕೊಂಡು, ಹಿಂದಿನದನ್ನು ಆಮೇಲೆ ತರುತ್ತಿದ್ದ. ಟಂಟಂ ಗಾಡಿ ಮಾಡಿಕೊಂಡು ಕೊಪ್ಪಳಕ್ಕೆ ಕರೆದೊಯ್ದೆವು. ಅಲ್ಲಿಯ ಪಶುವೈದ್ಯೆ ನನ್ನ ಮಗಳ ವಾರಗೆಯ ಹುಡುಗಿ. ವಯಸ್ಸಾಗೇತ್ರಿ, ಕೀಲು ಸವದಾವು ಅಂದಳು. ಹತ್ತು ದಿನಕ್ಕೆ ಗುಳಿಗೆ ಬರೆದಳು. "ಹೊಟ್ಟಿ ತುಂಬ ಉಂಡ ಮ್ಯಾಲೇ ಕೊಡ್ರಿ. ಹತ್ತ ದಿನ ಆದ ಮ್ಯಾಲೆ ನಿಲ್ಸಿ ನನಗ ತೋರಸ್ರಿ" ಅಂತ ಎರಡೆರಡು ಸಲ ಹೇಳಿದಳು.

ನಾಲ್ಕನೆಯ ದಿನಕ್ಕೆ ಅವನು ಮೆಟ್ಟಿಲು ಹಾರಿದ. ಹತ್ತನೆಯ ದಿನ ಗುಳಿಗೆ ಮುಗಿಯಿತು, ಹದಿಮೂರನೆಯ ದಿನ ಮತ್ತೆ ಕುಂಟಿದ. ಕೊಪ್ಪಳಕ್ಕೆ ಯಾರು ಹೋಗುತ್ತಾರೆ? ನನ್ನ ಗಂಡನ ಮೊಣಕಾಲಿಗೆ ದಿನಾ ನೋವಿನ ಗುಳಿಗೆ ಬೇಕು, ಗೋಡೆಯ ಮಾಡದಲ್ಲಿ ಪಟ್ಟಿಗಟ್ಟಲೆ ಇರುತ್ತದೆ. ಮೋಡ ಕವಿದರೆ ಇಬ್ಬರ ಕಾಲೂ ಒಂದೇ ದಿನ ನೋಯುತ್ತವೆ, ಔಷಧಿ ಯಾಕೆ ಬೇರೆ? ನೋವಿಗೇನು ಜಾತಿಯೇ? ಅವರ ಗುಳಿಗೆ ಮುರಿದು ಅರ್ಧ ಅವನಿಗೆ ಕೊಟ್ಟೆ. ನನ್ನ ಗಂಡ ಒಂದು ಮಾತು ಅಂದರು, "ಡಾಕ್ಟರ್ನ ಕೇಳಬೇಕಿತ್ತು." "ಇಪ್ಪತ್ತಾರು ವರ್ಷ ಊರ ಹೊಟ್ಟಿ ನೋಡೀನಿ, ಒಂದ ನಾಯಿ ಕಾಲ ನೋಡಾಕ ಬರೂದಿಲ್ಲೇನ್ ನನಗ" ಅಂದೆ. ನನ್ನ ಜೊತೆ ವಾದಕ್ಕಿಳಿಯುವ ಅಭ್ಯಾಸ ಅವರಿಗಿಲ್ಲ, ಅದೇ ತಪ್ಪಾಯಿತು.

ಇನ್ನು ಸೋಮವಾರದ ಸಮಸ್ಯೆ. ಉಂಡ ಮೇಲೆ ಕೊಡಬೇಕು, ಅವನು ಸಂಜೆವರೆಗೆ ಉಣ್ಣುವುದಿಲ್ಲ. ಬೆಳಗಿನ ಗುಳಿಗೆ ಬಿಡಿಸಿದರೆ ಕಾಲು ನೋಯುತ್ತದೆ. ನಾನೇ ಉಪಾಯ ಕಂಡುಹಿಡಿದೆ. ಬೆಲ್ಲ ಉಪವಾಸಕ್ಕೆ ನಡೆಯುತ್ತದಲ್ಲ? ಸೋಮವಾರ ಬೆಳಿಗ್ಗೆ ನಾನೊಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗ, ಅವನಿಗೊಂದು ಚೂರಿನಲ್ಲಿ ಗುಳಿಗೆ ಹುದುಗಿಸಿ ಕೊಟ್ಟೆ. ನೆಕ್ಕಿ ನುಂಗಿದ. ಔಷಧವೂ ಹೋಯಿತು, ಒಪ್ಪತ್ತೂ ಉಳಿಯಿತು. ಎಂಥ ಜಾಣೆ ನಾನು ಅಂತ ನನಗೇ ಹೆಮ್ಮೆಯಾಯಿತು. ಹೀಗೆ ಮೂರು ತಿಂಗಳು.

ಒಂದು ಮಂಗಳವಾರ ಬೆಳಿಗ್ಗೆ ಮೊದಲ ರೊಟ್ಟಿ ಹರಿದು ಕರೆದೆ. ಬರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ತುಳಸಿ ಕಟ್ಟೆಯ ಹತ್ತಿರ ವಾಂತಿ ಮಾಡಿಕೊಂಡು ಬಿದ್ದಿದ್ದಾನೆ. ಸೋಸಿ ಚೆಲ್ಲಿದ ಚಹಾಪುಡಿಯ ಚರಟದಂಥ ವಾಂತಿ. ಪಕ್ಕದಲ್ಲಿ ಕಪ್ಪಗೆ, ಡಾಂಬರಿನಂತೆ ಹೊರಗೆ ಹೋಗಿದ್ದಾನೆ. ಬೆನ್ನು ಬಾಗಿಸಿ, ಹೊಟ್ಟೆ ಒಳಗೆಳೆದುಕೊಂಡು, ನನ್ನನ್ನು ನೋಡಿ ಬಾಲದ ತುದಿ ಮಾತ್ರ ಒಂದು ಸಲ ಅಲ್ಲಾಡಿಸಿದ. ಅಯ್ಯ ಶಿವನೇ ಅಂತ ಅಲ್ಲೇ ಕೂತೆ. ಅವತ್ತು ಒಲೆ ಆರಿಸಿ ಖಾನಾವಳಿಗೆ ಬೀಗ ಹಾಕಿದೆ. ಮಗಳ ಮದುವೆಯ ದಿನ ಬಿಟ್ಟರೆ ಬೀಗ ಬಿದ್ದದ್ದು ಅದೇ ಮೊದಲು.

ಕೊಪ್ಪಳದ ದಾರಿಯುದ್ದಕ್ಕೂ ಟಂಟಮ್ಮಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು, ಹಿಂಗಾಲು ನನ್ನ ಗಂಡನ ತೊಡೆಯ ಮೇಲೆ. ಡಾಕ್ಟರು ತುಟಿ ಎತ್ತಿ ಒಸಡು ನೋಡಿದಳು, ಬೆಳ್ಳಗೆ ಬಿಳಿಚಿದ್ದವು. ಹೊಟ್ಟೆ ಒತ್ತಿದಳು, ಅವನು ನರಳಿದ.

"ಒಳಗ ರಕ್ತ ಹೊಂಟೈತ್ರಿ. ನೋವಿನ ಗುಳಿಗಿ ಎಷ್ಟ ದಿನ ಕೊಟ್ರಿ?"

"ಹತ್ತ ದಿನ ರೀ. ನೀವು ಹೇಳಿದಷ್ಟು."

"ಉಂಡ ಮ್ಯಾಲೆ?"

"ಹೌದ್ರಿ, ಉಂಡ ಮ್ಯಾಲೆ."

ಯಾಕೆ ಸುಳ್ಳು ಹೇಳಿದೆ? ಮಗಳ ವಾರಗೆಯ ಹುಡುಗಿಯ ಮುಂದೆ ತಪ್ಪಿತಸ್ಥೆಯಾಗಿ ನಿಲ್ಲಲು ಮನಸ್ಸು ಒಪ್ಪಲಿಲ್ಲ, ಅಷ್ಟೇ. ಬಾಯಿ ತಂತಾನೇ ಆಡಿತು. ಅವಳು ಹಣೆ ಗಂಟಿಕ್ಕಿ ಯೋಚಿಸಿದಳು. "ಹಂಗಾರ ಇದು ಗುಳಿಗಿಯಿಂದ ಅಲ್ಲ. ಇಲಿ ಪಾಷಾಣ ತಿಂದಿರಬೇಕು. ಅದಕ್ಕ ಬ್ಯಾರೆ ಇಂಜೆಕ್ಷನ್, ಬ್ಯಾರೆ ದಾರಿ" ಅಂತ ಕಪಾಟಿನ ಕಡೆ ತಿರುಗಿದಳು. ನನ್ನ ಗಂಡ ನನ್ನನ್ನು ನೋಡಿದರು. ಅವರು ಬೈದಿದ್ದರೆ ನಾನೂ ಎದುರು ಮಾತಾಡಿ ಸುಳ್ಳನ್ನು ಗಟ್ಟಿ ಮಾಡಿಬಿಡುತ್ತಿದ್ದೆನೋ ಏನೋ. ಮೇಜಿನ ಮೇಲೆ ಅವನು ಮೂಗನ್ನು ನನ್ನ ಮೊಣಕೈಗೆ ಒತ್ತಿ ಮಲಗಿದ್ದ. ಮೂಗು ಒಣಗಿತ್ತು.

"ಡಾಕ್ಟರಬಾಯಿ, ನಿಲ್ರಿ" ಅಂದೆ. "ನಾ ಸುಳ್ಳ ಹೇಳ್ದೆ."

ಎಲ್ಲ ಹೇಳಿದೆ. ಗಂಡನ ಗುಳಿಗೆ, ಮೂರು ತಿಂಗಳು, ಸೋಮವಾರ, ಬೆಲ್ಲ. ಹೇಳುತ್ತ ಹೋದಂತೆ ನನ್ನ ಜಾಣತನವೆಲ್ಲ ನನಗೇ ಕೇಳಿಸಿತು. ನಾಯಿಯ ಹೊಟ್ಟೆಗೆ ಹಿಟ್ಟಿಲ್ಲ, ನನ್ನ ಜುಟ್ಟಿಗೆ ಮಲ್ಲಿಗೆ! ಅವಳು ಕೇಳಿದ್ದಿಷ್ಟೇ, "ನಿನ್ನೆ ಸೋಮವಾರ. ನಿನ್ನೇನೂ ಖಾಲಿ ಹೊಟ್ಟೀಲೆ ಕೊಟ್ರೇನು?" ಹೌದೆಂದು ತಲೆಯಾಡಿಸಿದೆ.

"ಮನಷ್ಯಾರ ಈ ಗುಳಿಗಿ ನಾಯಿಗೆ ವಿಷ ರೀ. ಅದರಾಗ ಖಾಲಿ ಹೊಟ್ಟಿ. ಹೊಟ್ಟಿ ಒಳಗ ಹುಣ್ಣಾಗ್ಯಾವು." ಅವಳ ಕೈ ಆಗಲೇ ಕೆಲಸ ಶುರು ಮಾಡಿತ್ತು. ಸಲಾಯಿನ್ ಹಚ್ಚಿದಳು, ಎರಡು ಸೂಜಿ ಚುಚ್ಚಿದಳು. "ಈಗರೆ ಹೇಳಿದ್ರಲ್ಲ, ಛಲೋ ಆತು. ಇಲ್ಲಾಂದ್ರ ನಾ ಇಲಿ ಹಿಂದ ಓಡ್ತಿದ್ದೆ, ಇಂವ ಇಲ್ಲೇ ಹೋಗತಿದ್ದ." ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಅಜ್ಜಾರ, ನೀವೂ ಖಾಲಿ ಹೊಟ್ಟೀಲೆ ನುಂಗಬ್ಯಾಡ್ರಿ ಮತ್ತ" ಅಂದಳು. ಅಜ್ಜಾರ ಅನ್ನಿಸಿಕೊಂಡದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರಾಯಿತು.

ಸಂಜೆ ಮನೆಗೆ ಕಳಿಸುವಾಗ ಅವಳು ನನ್ನನ್ನು ಕೂರಿಸಿಕೊಂಡು ಹೇಳಿದಳು. ನೋವಿನ ಗುಳಿಗೆ ಇನ್ನು ಜನ್ಮದಲ್ಲಿ ಇಲ್ಲ. ಆಮ್ಲ ತಗ್ಗಿಸುವ ಗುಳಿಗೆ ಒಂದು, ಬೆಳಗಿನ ಊಟಕ್ಕೆ ಅರ್ಧ ತಾಸು ಮುಂಚೆ. ಹುಣ್ಣಿನ ಮೇಲೆ ಪೊರೆ ಕಟ್ಟುವ ಇನ್ನೊಂದು ಗುಳಿಗೆ, ಅದನ್ನು ನೀರಲ್ಲಿ ಕರಗಿಸಿ ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಸಂದಿಯಲ್ಲಿ ಬಿಡಬೇಕು, ದಿನಕ್ಕೆ ಮೂರು ಸಲ. ಅದು ಮಲ ಕಟ್ಟಿಸಬಹುದು. ಊಟ ಸ್ವಲ್ಪ ಸ್ವಲ್ಪವೇ, ನಾಲ್ಕೈದು ಸಲ, ಮೆತ್ತಗೆ, ಖಾರವಿಲ್ಲದೆ. "ಒಂದ ಹೊತ್ತೂ ಹೊಟ್ಟಿ ಖಾಲಿ ಬಿಡಬ್ಯಾಡ್ರಿ. ಈ ವಯಸ್ಸಿಗೆ ಇನ್ನೊಮ್ಮೆ ರಕ್ತ ಬಂತಂದ್ರ, ಹೊಟ್ಟಿ ತೂತ ಬಿತ್ತಂದ್ರ, ಆಪರೇಶನ್ ತಡಕೊಳ್ಳೂದಿಲ್ಲ ಇದು. ತಿಳೀತಲ್ರಿ?"

ಚೆನ್ನಾಗಿ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮವ್ವ ನನಗೆ ಹೇಳುತ್ತಲೇ ಇದ್ದಳು. ಆದರೆ ಒಲೆ ಉರಿದ ಮೇಲೆ ನಾನು ಸುಮ್ಮನೆ ಕೂರುವವಳಲ್ಲ.

ನಮ್ಮ ಜೋಳದ ಸೀಮೆಯಲ್ಲಿ ಅನ್ನವೆಂದರೆ ಮೊದಲೆಲ್ಲ ಜಡ್ಡಿನವರ ಊಟ. ಮಗಳನ್ನು ಗಂಗಾವತಿಗೆ ಕೊಟ್ಟಿದ್ದೇವೆ, ಅಳಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಫೋನು ಮಾಡಿದ ಮರುದಿನವೇ ಮಧ್ಯಾಹ್ನದ ಬಸ್ಸಿಗೆ ನುಚ್ಚಕ್ಕಿಯ ಚೀಲ ಬಂತು. ಅದನ್ನು ಕರಗುವಂತೆ ಕುದಿಸಿ ಗಂಜಿ ಮಾಡಿದೆ. ಖಾನಾವಳಿಯ ಮೂಲೆಯಲ್ಲಿ ಅವನಿಗೇ ಬೇರೆ ಪಾತ್ರೆ, ಬೇರೆ ಸೌಟು, ಮೆಣಸಿನಕಾಯಿಯ ಗಾಳಿಯೂ ತಾಗದ ಹಾಗೆ. ಬಿಸಿ ಹೆಚ್ಚಾದರೆ ಹುಣ್ಣಿಗೆ ಉರಿ ಅಂತ ಪ್ರತಿ ಸಲ ಒಂದು ಚಮಚ ನಾನು ಬಾಯಿಗೆ ಹಾಕಿ ನುಂಗಿ ನೋಡಿ, ಆಮೇಲೆ ಅವನ ಮುಂದೆ ಇಡುತ್ತಿದ್ದೆ. ಮೊದಲ ದಿನ ನಾಲ್ಕು ಸಲ ನಾಲಿಗೆ ಆಡಿಸಿದ, ಎರಡನೆಯ ದಿನ ಅರ್ಧ ತಟ್ಟೆ ತಿಂದ. ಸಿರಿಂಜಿನ ಔಷಧ ಕುಡಿಸುವುದನ್ನು ನನ್ನ ಗಂಡ ಕಲಿತರು. ಡೀಸೆಲ್ ಎಂಜಿನ್ನಿಗೆ ಎಣ್ಣೆ ಹನಿಸಿದ ಕೈ, ಒಂದು ತೊಟ್ಟೂ ಹೊರಗೆ ಚೆಲ್ಲುತ್ತಿರಲಿಲ್ಲ. ಬೆಲ್ಲದಲ್ಲಿ ಗುಳಿಗೆ ಕೊಡುವುದು ನನ್ನ ಪಾಲು, ಒಂದು ಚೂರು ನನಗೆ, ಒಂದು ಚೂರು ಅವನಿಗೆ. ಕಪ್ಪು ಹೋಗುವುದು ನಿಂತಿತು.

ನಿಂತಿತು ಅಂದರೆ, ಎಲ್ಲವೂ ನಿಂತಿತು. ಡಾಕ್ಟರು ಹೇಳಿದ ಹಾಗೆ ಆ ಔಷಧಿ ಮಲ ಕಟ್ಟಿಸಿತು. ಗುರುವಾರ ಇಲ್ಲ, ಶುಕ್ರವಾರ ಇಲ್ಲ. ಜಾಲಿ ಗಿಡದ ಬುಡದಲ್ಲಿ ಬೆನ್ನು ಬಾಗಿಸಿ ನಿಲ್ಲುತ್ತಿದ್ದ, ತಿಣುಕುತ್ತಿದ್ದ, ನಾಚಿಕೊಂಡವನಂತೆ ವಾಪಸು ಬರುತ್ತಿದ್ದ. ಫೋನಿನಲ್ಲಿ ಕೇಳಿದರೆ ಕುಂಬಳಕಾಯಿ ಬೇಯಿಸಿ ಕಿವುಚಿ ಗಂಜಿಗೆ ಸೇರಿಸಿ ಅಂದಳು. ಸೇರಿಸಿದೆ. ಮಾಸ್ತರರು ಮಧ್ಯಾಹ್ನ ಬಂದವರು ಕೈ ತೊಳೆಯುವ ಮೊದಲೇ ಕೇಳುತ್ತಿದ್ದರು, "ಆತೇನ್ರಿ?" ಅವರನ್ನು ನೋಡಿ ಉಳಿದ ಗಿರಾಕಿಗಳೂ ಶುರು ಮಾಡಿದರು. ಕುಷ್ಟಗಿ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಮುದುಕಂದು ಏನಾತವ್ವಾ?" ಅಂತ ಕೂಗಿ ಹೋಗುತ್ತಿದ್ದ. ಶನಿವಾರ ಮಧ್ಯಾಹ್ನ, ಪಂಗ್ತಿ ತುಂಬ ಜನ ಉಣ್ಣುತ್ತಿರುವಾಗ, ನನ್ನ ಗಂಡ ಹಿತ್ತಲಿನಿಂದ ಕುಂಟುತ್ತ ಓಡಿಬಂದು, "ಆತು!" ಅಂದರು.

"ಬಣ್ಣ?" ಅಂತ ನಾನು ಒಲೆಯ ಮುಂದಿನಿಂದಲೇ ಒದರಿದೆ.

"ಹಳದಿ! ಛಲೋ ಹಳದಿ!"

ಮಾಸ್ತರರ ತಟ್ಟೆಯಲ್ಲಿ ಬೇಳೆ ಪಲ್ಯವಿತ್ತು. ಅವರು ಅದನ್ನು ಒಂದು ಗಳಿಗೆ ನೋಡಿ, ಮೊಸರು ಹಾಕಿಸಿಕೊಂಡರು. ನನಗೆ ಮಾತ್ರ ಆ ದಿನ ಊರಿಗೇ ಪುಕ್ಕಟೆ ಹೋಳಿಗೆ ಹಾಕಬೇಕು ಅನ್ನಿಸಿತ್ತು.

ಹೀಗೆ ಸೋಮವಾರ ಬಂತು.

ಅವನ ವಿಷಯ ನಾನು ಭಾನುವಾರವೇ ಶಿವನ ಹತ್ತಿರ ಮಾತಾಡಿ ಮುಗಿಸಿದ್ದೆ: ಇವನಿಗೆ ಒಪ್ಪತ್ತು ಮಾಫಿ, ಇವನ ಪಾಲಿನದನ್ನೂ ನಾನೇ ಮಾಡುತ್ತೇನೆ. ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿ, ಬೆಲ್ಲದಲ್ಲಿ ಗುಳಿಗೆ ಕೊಟ್ಟೆ. ನನ್ನ ಜೊತೆ ಅವನೂ ಬೆಲ್ಲ ತಿಂದ. ಅರ್ಧ ತಾಸು ಬಿಟ್ಟು, ಬೆರಳು ಅದ್ದಿ ಬಿಸಿ ನೋಡಿ, ಗಂಜಿ ಇಟ್ಟೆ. ಅವನು ಗಂಜಿ ನೋಡಿದ, ನನ್ನನ್ನು ನೋಡಿದ, ಮುಖ ತಿರುಗಿಸಿ ಮಲಗಿದ.

ಇನ್ನೂ ಹಸಿವಿಲ್ಲವೇನೋ ಅಂತ ಬಿಟ್ಟೆ. ಎಂಟಕ್ಕೆ ಬಿಸಿ ಮಾಡಿ ಇಟ್ಟೆ, ಇಲ್ಲ. ಒಂಬತ್ತಕ್ಕೆ ಯಾರದೋ ಮನೆಯಿಂದ ಬೇಡಿ ತರಿಸಿದ ಕೋಳಿ ಬೇಯಿಸಿದ ನೀರು ಬೆರೆಸಿದೆ. ಒಪ್ಪತ್ತಿನ ದಿನ, ವಿಭೂತಿಯ ಹಣೆ, ಕೈಯಲ್ಲಿ ಕೋಳಿಯ ನೀರು! ಶಿವ ಕಣ್ಣು ಮುಚ್ಚಿಕೊಳ್ಳಲಿ ಅಂದೆ. ಅದಕ್ಕೂ ಇಲ್ಲ. ಬಾಯಿ ತೆರೆದು ಬೆರಳಿನಿಂದ ಸವರಿದರೆ ನಾಲಿಗೆಯಿಂದ ಹೊರಗೆ ತಳ್ಳಿದ. ಹತ್ತು ಗಂಟೆಗೆ ಹೊಟ್ಟೆ ಒಳಗೆಳೆದುಕೊಂಡು ಬೆನ್ನು ಬಾಗಿಸತೊಡಗಿದ. ಮಂಗಳವಾರ ಮಾಡಿದ್ದ ಹಾಗೇ. ತಟ್ಟುವಾಗ ನನ್ನ ಕೈಯಲ್ಲಿ ರೊಟ್ಟಿ ಹರಿಯತೊಡಗಿತು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಲ್ಲಿ ರೊಟ್ಟಿ ಹರಿದದ್ದಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ. "ಮಧ್ಯಾಹ್ನದೊಳಗ ಹೊಟ್ಟಿಗೆ ಏನೂ ಹೋಗಲಿಲ್ಲಂದ್ರ ಕರಕೊಂಡ ಬರ್ರಿ. ಆದ್ರ ರಸ್ತಿ ಮ್ಯಾಲೆ ಅಷ್ಟ ದೂರ ಅಲುಗಾಡಿಸೂದು ಈಗ ಛಲೋ ಅಲ್ರಿ. ಹೆಂಗರೆ ಮಾಡಿ ನಾಕ ತುತ್ತ ಇಳಸ್ರಿ" ಅಂದಳು.

ನನ್ನ ಗಂಡ ಅಷ್ಟೂ ಹೊತ್ತು ಅವನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಅವನ ಮುಖ ನೋಡುವುದು, ನನ್ನ ಮುಖ ನೋಡುವುದು, ಮತ್ತೆ ಅವನ ಮುಖ. ಯಂತ್ರ ಕೆಟ್ಟಾಗ ಎಲ್ಲಿ ಸಡಿಲವಾಗಿದೆ ಅಂತ ಕಿವಿಗೊಡುವ ಮನುಷ್ಯ ಅವರು.

"ನಿನ್ನೆತನಕ ಉಣ್ತಿದ್ದ" ಅಂದರು. "ನಿನ್ನೆತನಕ ನೀ ಏನ್ ಮಾಡ್ತಿದ್ದಿ?"

"ಇದ ಗಂಜಿ, ಇದ ತಟ್ಟಿ. ಇನ್ನೇನ್ ಮಾಡ್ಲಿ?"

"ಚಮಚ ಬಾಯಾಗ ಹಾಕ್ಕೊಂಡ ನೋಡ್ತಿದ್ದಿ. ಇವತ್ತ ಬಟ್ಟು ಅದ್ದಿ ನೋಡಿದಿ."

ನಾನು ಸೌಟು ಕೆಳಗಿಟ್ಟೆ. ರೊಟ್ಟಿ ಬುಟ್ಟಿಯಲ್ಲಿ ಬಂದ ಮರಿ ನೆನಪಾಯಿತು. ನೋಡು, ನಾ ತಿಂದೆ. ಈಗ ನೀ. ಒಂಬತ್ತು ವರ್ಷ ನಾನು ಊರಿಗೆಲ್ಲ ಡಂಗುರ ಹೊಡೆದ ಭಕ್ತಿ! ಅವನಿಗೆ ಯಾವ ವಾರವೂ ಗೊತ್ತಿರಲಿಲ್ಲ. ಅವ್ವ ಉಣ್ಣದೆ ತಾನು ಉಣ್ಣಬಾರದು ಅನ್ನುವುದೊಂದೇ ಗೊತ್ತಿತ್ತು. ನಾನು ಹಸಿದಾಗೆಲ್ಲ ಅವನು ಹಸಿದಿದ್ದ, ಅದೂ ಹೊಟ್ಟೆಯಲ್ಲಿ ನಾನೇ ಹಾಕಿದ ವಿಷ ಇಟ್ಟುಕೊಂಡು. ಗಿರಾಕಿಗಳ ಮುಂದೆಯೇ ಅತ್ತುಬಿಟ್ಟೆ. ಬಡಿಸುವ ಸೆರಗಿನಿಂದಲೇ ಮೂಗು ಒರೆಸಿಕೊಂಡೆ, ಯಾರು ಏನಾದರೂ ಅಂದುಕೊಳ್ಳಲಿ.

ಅಳುವುದು ಸುಲಭ. ತುತ್ತು ಎತ್ತುವುದು ಸುಲಭವಲ್ಲ. ಹರಕೆ ನನ್ನ ಹೊಟ್ಟೆಯದ್ದಾಗಿದ್ದರೆ ಅವತ್ತೇ ಮುರಿದು ಎಸೆಯುತ್ತಿದ್ದೆ. ಅದು ಎದುರಿಗೆ ಕಾಲು ಚಾಚಿ ಕೂತ ಮನುಷ್ಯನ ಕಾಲಿನದು. ಉಪವಾಸ ಮುರಿದ ದಿನ ಇವರಿಗೆ ಏನಾದರೂ ಆದರೆ? ನಾಯಿಯನ್ನು ಉಳಿಸಲು ಹೋಗಿ ಗಂಡನನ್ನು ನೆಲ ಹಿಡಿಸಿದವಳು ಅಂತ ನಾನೇ ನನ್ನನ್ನು ಬಿಟ್ಟೇನೇ? ಚಮಚ ಕೈಯಲ್ಲಿ ಹಿಡಿದು ನಿಂತೇ ಇದ್ದೆ.

ಅವರಿಗೆ ಎಲ್ಲ ತಿಳಿಯಿತು. ಗೋಡೆ ಹಿಡಿದುಕೊಂಡು ಎದ್ದು ನಿಂತರು. ಮೊಣಕಾಲು ಲಟಕ್ ಅಂದವು. ಬಾಗಿಲಿನವರೆಗೆ ನಡೆದು ಹೋದರು, ತಿರುಗಿ ನನ್ನವರೆಗೆ ನಡೆದು ಬಂದರು.

"ನೋಡಿದೇನು? ನಡೀತೀನಿ. ಶಿವ ಕೊಟ್ಟಿದ್ದ ತಿರುಗಿ ಇಸಕೊಳ್ಳಾಂವ ಅಲ್ಲ. ಇಷ್ಟ ವರ್ಷ ನನ್ನ ಸಂಬಂಧ ಹಸದಿ, ನಾ ಬ್ಯಾಡ ಅನಲಿಲ್ಲ. ಇವತ್ತ ನಾನ ಹೇಳ್ತೀನಿ. ಉಣ್ಣು."

ಮಾಸ್ತರರು ಆಗತಾನೇ ಒಳಗೆ ಬಂದಿದ್ದರು, ಶಾಲೆಯ ಸಣ್ಣ ಬಿಡುವಿನಲ್ಲಿ ಚಹಾಕ್ಕೆ. ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಇವರಲ್ಲಿ ಯಾರಿಗೆ ನಾನು ನನ್ನ ಸೋಮವಾರದ ಕಥೆ ಹೇಳಿರಲಿಲ್ಲ? ಎಲ್ಲರ ಮುಂದೆ ನೆಲದ ಮೇಲೆ, ಅವನ ಎದುರಿಗೆ ಕೂತೆ. ಅವನ ತಟ್ಟೆಯಿಂದಲೇ ಒಂದು ಚಮಚ ಗಂಜಿ ಎತ್ತಿದೆ. ಅವನಿನ್ನೂ ಬಾಯಿ ಹಾಕಿರಲಿಲ್ಲ, ಎಂಜಲೂ ಆಗಿರಲಿಲ್ಲ, ಆಗಿದ್ದರೂ ಎತ್ತುತ್ತಿದ್ದೆ. ಉಪ್ಪಿಲ್ಲ, ಖಾರವಿಲ್ಲ, ಕುಂಬಳಕಾಯಿ ಕಿವುಚಿದ, ಕೋಳಿ ನೀರಿನ ಗಂಜಿ. ಹುಟ್ಟಾ ಕೋಳಿ ಮುಟ್ಟದ ಮನೆತನ ನಮ್ಮದು. ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದೆ.

"ನೋಡು, ನಾ ತಿಂದೆ" ಅಂದೆ. "ಈಗ ನೀ."

ಅವನು ನನ್ನ ಗಂಟಲನ್ನು ನೋಡುತ್ತಿದ್ದ. ಮುಂಗಾಲಿನ ಮೇಲೆ ಮೈ ಎಳೆದುಕೊಂಡು ಎದ್ದ, ಹಿಂದಿನದನ್ನು ಆಮೇಲೆ ತಂದ. ತಟ್ಟೆಗೆ ಮುಖ ಹಾಕಿದ. ನೆಕ್ಕಿದ. ನಿಲ್ಲಿಸಿ ನನ್ನನ್ನು ನೋಡಿದ, ನಾನು ಇನ್ನೊಂದು ಚಮಚ ತಿಂದೆ. ಹೀಗೆ ಇಬ್ಬರೂ ಸೇರಿ ಆ ತಟ್ಟೆ ಖಾಲಿ ಮಾಡಿದೆವು. ಮೊದಲು ಬಾಯಿ ಬಿಟ್ಟವರು ಮಾಸ್ತರರೇ.

"ಅಕ್ಕಾರ, ಒಪ್ಪತ್ತು ಮುರೀತಲ್ರಿ?"

"ಮುರೀತ್ರಿ" ಅಂದೆ. "ನಾನ ಮುರದೆ. ಇನ್ನ ಪ್ರತಿ ಸೋಮವಾರ ಮುರೀತೀನಿ. ಬಂದು ನೋಡ್ರಿ ಬೇಕಾದ್ರ."

ಅವರು ನಗಲಿಲ್ಲ. "ಬರ್ತೀನ್ರಿ" ಅಂದರು.

ಅವನಿಗೀಗ ಹದಿನಾಲ್ಕು. ಹುಣ್ಣು ಮಾದಿವೆ. ಡಾಕ್ಟರು ಹೋದ ತಿಂಗಳು ಒಸಡು ಎತ್ತಿ ನೋಡಿ, ಗುಲಾಬಿ ಬಣ್ಣ ಬಂದಿದೆ ಅಂದಳು. "ನನ್ನ ಕೈಯಾಗ ಇಷ್ಟ ನೆಟ್ಟಗ ಔಷಧಿ ಮಾಡಿದವರು ಇನ್ನೊಬ್ರಿಲ್ರಿ" ಅಂದಳು. ಆ ಮಾತನ್ನು ನಾನು ಕೊಪ್ಪಳದಿಂದ ಕುಕನೂರಿನವರೆಗೆ ಟಂಟಮ್ಮಿನವನಿಗೆ ಮೂರು ಸಲ ಹೇಳಿದೆ. ಕಾಲಿಗೆ ಗುಳಿಗೆಯಿಲ್ಲ. ಉಸುಕು ಹುರಿದು ಬಟ್ಟೆಯಲ್ಲಿ ಕಟ್ಟಿ, ಹದ ಬಿಸಿಯಲ್ಲಿ ಶಾಖ ಕೊಡುತ್ತೇನೆ, ಮೊದಲು ಅವನ ಹಿಂಗಾಲಿಗೆ, ಅದೇ ಗಂಟು ಆಮೇಲೆ ಇವರ ಮೊಣಕಾಲಿಗೆ. ಹೊಸ ಗಿರಾಕಿ ಬಂದರೆ ಈಗಲೂ ನಾಯಿಯ ಕಥೆ ಹೇಳುತ್ತೇನೆ. ಸುಳ್ಳು ಹೇಳಿದ್ದನ್ನೂ ಬಿಡುವುದಿಲ್ಲ, ಬೆಲ್ಲದ ಜಾಣತನವನ್ನೂ ಬಿಡುವುದಿಲ್ಲ. ಮೊದಲಿನ ಕಥೆಗಿಂತ ಇದೇ ದೊಡ್ಡದು.

ಹರಕೆ ಬಿಟ್ಟ ಮೊದಲಲ್ಲಿ, ಆ ಒಪ್ಪತ್ತನ್ನು ತಾನು ಹಿಡಿಯುತ್ತೇನೆ ಅಂತ ನನ್ನ ಗಂಡ ಹೊರಟಿದ್ದರು. "ಗುಳಿಗಿ ನುಂಗಾವರಿಗೆ ಒಪ್ಪತ್ತಿಲ್ಲ. ಡಾಕ್ಟರಬಾಯಿ ಹೇಳಿದ್ದ ಮರ್ತೀರೇನು? ಸುಮ್ನ ಕುಂದರ್ರಿ" ಅಂತ ಗದರಿಸಿ ಇವರಿಗೂ ಒಂದು ತಟ್ಟೆ ಇಟ್ಟೆ. ಈಗ ಸೋಮವಾರ ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿ, ಮೂರು ತಟ್ಟೆಗೆ ಗಂಜಿ ಬಡಿಸುತ್ತೇನೆ. ಇವರೂ ಚಮಚ ಎತ್ತುವುದಿಲ್ಲ. ನೀ ಮೊದಲ ಹಾಕ್ಕೋ ಅನ್ನುತ್ತಾರೆ. ಅವನು ಒಂದು ಕಡೆ, ಇವರು ಒಂದು ಕಡೆ, ಇಬ್ಬರೂ ನನ್ನ ಬಾಯಿ ನೋಡುತ್ತ ಕೂತಿರುತ್ತಾರೆ. ನಾನು ಮೊದಲ ತುತ್ತು ಹಾಕಿಕೊಳ್ಳುತ್ತೇನೆ.